ಅಂಟು ಹಚ್ಚದ ಕಾಲು

ಬಡಗಿಯ ಅಂಗಡಿಯಿಂದ ಅಂಟು ಕಾಯಿಸುವ ವಾಸನೆ ಬಂದರೆ ಸಾಕು, ನಾನು ಈಗಲೂ ಇಳಕಲ್ಲಿನ ಆ ಮಧ್ಯಾಹ್ನಕ್ಕೆ ಹೋಗಿ ನಿಲ್ಲುತ್ತೇನೆ.

ರಾಜಸ್ಥಾನದಿಂದ ಬಂದ ನನ್ನಪ್ಪ ಇಲ್ಲಿಯ ಮಂದಿಗೆ ಮಂಚ, ಕಪಾಟು ಮಾಡಿಕೊಡುತ್ತಿದ್ದ. ಗಿರಾಕಿಗಳ ಸಾಮಾನಿಗೆ ಅಂಟು ಹಚ್ಚುತ್ತಿದ್ದ. ನಮ್ಮ ಮನೆಯವಕ್ಕೆ ಮಾತ್ರ ಬರೀ ಬೆಣೆ. ಬೆಣೆ ಕಿತ್ತರೆ ಎಲ್ಲವನ್ನೂ ಬಿಚ್ಚಿ, ಕಟ್ಟಿಕೊಂಡು ನಮ್ಮೂರಿಗೆ ಒಯ್ಯಬಹುದು ಎನ್ನುತ್ತಿದ್ದಳು ಅವ್ವ. ಪ್ರತಿ ದೀಪಾವಳಿಗೂ ಎನ್ನುತ್ತಿದ್ದಳು.

ಆ ದಿನ ಅಪ್ಪ ಅಂಗಳದಲ್ಲಿ ನಮ್ಮದೇ ಹೊಸ ಸಾಗವಾನಿ ಮಂಚ ಜೋಡಿಸುತ್ತಿದ್ದ. ಪಕ್ಕದ ಮನೆಯಲ್ಲಿ ಸೀರೆ ನೇಯುವ ನೀಲವ್ವ ಬಂದು ನಿಂತು ನೋಡಿದಳು.

"ಏನ್ರಿ ಮಿಸ್ತ್ರಿ, ನಿಮ್ಮ ಮಂಚಕ್ಕೂ ಅಂಟು ಹಚ್ಚಾಕತ್ತೀರಲ್ಲ?"

"ಇನ್ನ ಇದನ್ನ ಎಲ್ಲಿಗೆ ಒಯ್ಯೋದೈತಿ ಬಿಡ್ರಿ ಅಕ್ಕಾರ," ಎಂದ ಅಪ್ಪ, ತಲೆ ಎತ್ತದೆ.

ಒಲೆಯ ಮುಂದಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು. ಮೂರು ಕಾಲು ಆಗಲೇ ಗಟ್ಟಿಯಾಗಿ ಕೂತಿದ್ದವು. ನಾಲ್ಕನೆಯದನ್ನು ಎಳೆದು, ಇನ್ನೂ ಬಿಸಿಯಿದ್ದ ಅಂಟನ್ನು ಸೆರಗಿನಿಂದ ಒರೆಸಿ, ಒಂದು ಬೆಣೆಯನ್ನು ಅಪ್ಪನ ಕೈಗಿಟ್ಟು ಒಳಗೆ ಹೋದಳು. ಅಪ್ಪ ಕಾಲನ್ನು ಮತ್ತೆ ಕೂರಿಸಿ, ಆ ಬೆಣೆಯನ್ನೇ ಮೆಲ್ಲಗೆ ಬಡಿದ.

ಅವ್ವ ಕೊನೆಯವರೆಗೂ ಆ ಮಂಚದಲ್ಲೇ ಮಲಗಿದಳು. ಮಗ್ಗುಲು ಬದಲಿಸಿದಾಗಲೆಲ್ಲ ಆ ಕಾಲು ಕಿರುಗುಟ್ಟುತ್ತಿತ್ತು. ಅಪ್ಪ ಅದನ್ನು ಎಂದೂ ಬಿಗಿ ಮಾಡಲಿಲ್ಲ.