ತೊಟ್ಟಿಲ ಬಳೆ

ತೊಲೆಯ ಕಬ್ಬಿಣದ ಬಳೆಗೆ ಹಳೆಯ ಹತ್ತಿ ಸೀರೆ ಬಿಗಿದು ಪಂಕಜಮ್ಮ ಎರಡು ಸಲ ಜಗ್ಗಿ ನೋಡಿದರು. "ಯಾವ ದೇಶವಾದ್ರೇನು ಹಂಸಿನಿ, ತೊಟ್ಟಿಲು ಕಟ್ಟೋಕೆ ಬಳೆ ಬಿಟ್ಟೇ ಇರ್ತಾರೆ. ನಮ್ಮ ಮೈಸೂರಿನ ಮನೇಲೂ ಹೀಗೇ ಇತ್ತು."

ಹಂಸಿನಿ ನಕ್ಕು ಮಗುವನ್ನು ಜೋಳಿಗೆಯಲ್ಲಿ ಮಲಗಿಸಿದಳು. ಕೆಳಗೆ ನಾಮಕರಣಕ್ಕೆ ಪ್ಲೇನ್ಸ್‌ಬರೋದ ನೆಂಟರಿಷ್ಟರು ಸೇರುತ್ತಿದ್ದರು. ಬೇಸಿಗೆಯಲ್ಲಿ ಅವಳೂ ಗಂಡ ಆಕರ್ಷನೂ ನ್ಯೂಜೆರ್ಸಿಯಲ್ಲಿ ಕೊಂಡ ಈ ಮನೆ ಒಂದು ಕಾಲದಲ್ಲಿ ಹಳ್ಳಿಯ ಛತ್ರ. ನ್ಯೂಯಾರ್ಕಿನಿಂದ ಫಿಲಡೆಲ್ಫಿಯಾಕ್ಕೆ ಹೊರಟ ಕುದುರೆಗಾಡಿಗಳು ರಾತ್ರಿ ಇಲ್ಲಿ ತಂಗುತ್ತಿದ್ದವು. ಓಕ್ ಮರದ ಕಂಬ, ತೊಲೆಗಳಿಗೆ ಒಂದು ಮೊಳೆಯೂ ಇಲ್ಲ, ಎಲ್ಲ ಮರದ ಗೂಟಗಳೇ. ಯಾವ ತೊಲೆ ಯಾವ ಕಂಬಕ್ಕೆಂದು ಬಡಗಿ ಉಳಿಯಲ್ಲಿ ಕೆತ್ತಿದ ಗುರುತುಗಳು ಇನ್ನೂ ಇದ್ದವು. ಕೊಳ್ಳುವ ಮುಂಚೆ ಅವಳು ಟಾರ್ಚ್ ಹಿಡಿದು ಪ್ರತಿಯೊಂದು ಸಂದನ್ನೂ ಪರೀಕ್ಷಿಸಿದ್ದಳು, ಅಡುಗೆಮನೆಯ ಮೇಲಿನ ಈ ಕಿರುಕೋಣೆಯೊಂದನ್ನು ಬಿಟ್ಟು. ಹೊಗೆಗೂಡು ಹಾದುಹೋಗುವುದರಿಂದ ಇಲ್ಲಿ ಬೆಚ್ಚಗಿರುತ್ತದೆ, ಅಡುಗೆಯವಳು ಮಲಗುತ್ತಿದ್ದಳು ಎಂದಿದ್ದ ಮನೆ ತೋರಿಸಿದವನು.

ಜೋಳಿಗೆ ತೂಗಿತು. ಲೋಹದ ಸವೆತ ಅಳೆಯುವುದೇ ಕಸುಬಾದವಳ ಕಣ್ಣು ತಾನಾಗಿಯೇ ಮೇಲೆ ಹೋಯಿತು.

"ಅತ್ತೆ, ಒಂದ್ನಿಮಿಷ ತೂಗಬೇಡಿ."

"ಯಾಕೆ, ಗಟ್ಟಿ ಇಲ್ವಾ?"

"ಗಟ್ಟಿ ಇದೆ." ಹಂಸಿನಿ ಸ್ಟೂಲ್ ಹತ್ತಿ, ಬಳೆ ಸಿಕ್ಕಿಸಿದ್ದ ಕೊಂಡಿಯನ್ನು ಬೆರಳಿನಿಂದ ಸವರಿದಳು. "ತೊಟ್ಟಿಲು ತೂಗಿದ್ರೆ ಎರಡೂ ಕಡೆ ಸವೀಬೇಕು. ಇದು ಒಂದೇ ಕಡೆ ಸವೆದಿದೆ. ಬಾಗಿಲ ಕಡೆ."

"ನಿನ್ನ ಲ್ಯಾಬ್‌ಗೆ ಇವತ್ತೊಂದು ದಿನ ಬೀಗ ಹಾಕು ತಾಯಿ."

ಅಷ್ಟರಲ್ಲಿ ಆಕರ್ಷ್ ಬಂದು ಮಗುವನ್ನೆತ್ತಿಕೊಂಡ. "ಆಂಟಿಯರೆಲ್ಲ ಕೇಳ್ತಿದಾರೆ, ಒಂದ್ ರೌಂಡ್ ತೋರಿಸ್ಕೊಂಡು ಬರ್ತೀನಿ." ಹೊಸ್ತಿಲಲ್ಲಿ ನಿಂತು ಕದ ತಟ್ಟಿದ. "ಇದಕ್ಕೆ ಒಳಗಡೆ ಒಂದು ಲಾಕ್ ಹಾಕಿಸ್ಬೇಕು ಹಂಸಾ. ಅಗುಳಿ ಹೊರಗಡೆ ಮಾತ್ರ ಇದೆ, ಫನ್ನಿ ಅಲ್ವಾ?"

ಅವನು ಇಳಿದು ಹೋದ. ಹಂಸಿನಿ ಸ್ಟೂಲಿನ ಮೇಲೇ ನಿಂತಿದ್ದಳು. ಪಂಕಜಮ್ಮ ಮಣಿಕಟ್ಟಿನಷ್ಟು ದಪ್ಪದ ಆ ಅಗುಳಿ ನೋಡಿದರು, ಕಿಟಕಿಯಿಲ್ಲದ ಗೋಡೆ ನೋಡಿದರು, ಬಳೆ ನೋಡಿದರು.

"ಅಡುಗೆಯವಳು ಅಂದ್ರಲ್ಲ..."

"ಸಂಬಳದವಳಲ್ಲ ಅತ್ತೆ. ಕೊಂಡು ತಂದವಳು. ನ್ಯೂಜೆರ್ಸಿಯಲ್ಲೂ ಗುಲಾಮಗಿರಿ ಇತ್ತು." ಅವಳು ಬಳೆಯೊಳಗೆ ಬೆರಳಿಟ್ಟಳು. "ಇದು ಸರಪಳಿಗೆ."

ಪಂಕಜಮ್ಮ ಗಂಟಿಗೆ ಕೈ ಹಾಕಿದರು. ಎರಡು ಸಲ ಜಗ್ಗಿ ಬಿಗಿದದ್ದು, ಬಿಚ್ಚಲಾಗಲಿಲ್ಲ. ಉಗುರು ಮುರಿಯಿತು. "ಇದಕ್ಕಾ... ಕೂಸನ್ನ ನಾನು ಇದಕ್ಕಾ ಕಟ್ಟಿದ್ದು?" ಕೊನೆಗೆ ಸೀರೆ ಸಡಿಲಾಗಿ ನೆಲಕ್ಕೆ ಜಾರಿತು.

ಕೆಳಗೆ ಯಾರದೋ ತೋಳಿನಲ್ಲಿ ಮಗು ಚೀರಿ ಅತ್ತಿತು. ಬಳೆಯಲ್ಲಿ ಬೆರಳಿಟ್ಟಿದ್ದ ಹಂಸಿನಿಯ ಮೈ ತಾನಾಗಿ ಬಾಗಿಲ ಕಡೆ ತುಯ್ದಿತು. ಅದರೊಂದಿಗೇ ಬಳೆಯೂ ಹೊರಳಿ, ಸವೆದ ಆ ತಗ್ಗಿನಲ್ಲಿ ಸರಿಯಾಗಿ ಕೂತಿತು.