ಪ್ರೊಫೆಸರರ ತಾಲೀಮು

“ಸಾಕು, ನಿಲ್ಲಿಸಿ,” ಎಂದು ಪ್ರೊಫೆಸರರು ಕೈ ಎತ್ತಿದರು. “ಒಂದು ಮಾತೂ ನಂಬೋ ಹಾಗಿಲ್ಲ.”

ಎದುರಿನ ಕುರ್ಚಿಯಲ್ಲಿದ್ದ ಹೆಂಗಸು ಅರ್ಧಕ್ಕೇ ಬಾಯಿ ಮುಚ್ಚಿದಳು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಟ್ಟೆ, ಅಚ್ಚುಕಟ್ಟಾಗಿ ಬಾಚಿದ ತಲೆ, ಮುಖದ ಮೇಲೊಂದು ಮುಗುಳ್ನಗೆ. ಪ್ರೊಫೆಸರರ ಕಣ್ಣಿಗೆ ಮೊದಲು ಚುಚ್ಚಿದ್ದು ಆ ನಗೆಯೇ. ಆಟಿಸಂ ಇರುವವರು ಎಲ್ಲಾದರೂ ಹೀಗೆ ನಗುತ್ತಾರೆಯೇ?

ಮರುದಿನ ಕೊನೆಯ ವರ್ಷದ ವೈದ್ಯ ವಿದ್ಯಾರ್ಥಿಗಳಿಗೆ ಪರೀಕ್ಷೆ. ನಾಟಕದವರನ್ನು ಕರೆಸಿ, ರೋಗಿಯ ಪಾತ್ರ ಕೊಟ್ಟು ಕೂರಿಸುವುದು ಆ ಕಾಲೇಜಿನ ರೂಢಿ. ಹುಡುಗರು ಪ್ರಶ್ನೆ ಕೇಳಿ, ಅವರಿಗೇನಾಗಿದೆ ಎಂದು ಹೇಳಬೇಕು. ಹಿಂದಿನ ದಿನವೇ ಪಾತ್ರಧಾರಿಗಳನ್ನು ಆಸ್ಪತ್ರೆಯ ತಮ್ಮ ಕೋಣೆಗೆ ಕರೆಸಿ ತಿದ್ದದಿದ್ದರೆ ಪ್ರೊಫೆಸರರಿಗೆ ಸಮಾಧಾನವಿಲ್ಲ. ಬೇರೆಯವರ ಕೆಲಸ ಅವರಿಗೆ ಎಂದೂ ಒಪ್ಪಿಗೆಯಾದದ್ದಿಲ್ಲ. ತಮ್ಮ ಕೆಲಸ ಒಪ್ಪಿಗೆಯಾಗದ ದಿನವೂ ಇರಲಿಲ್ಲ.

ಈ ಸಲದ ಪಾತ್ರದ ಮೇಲಂತೂ ಅವರಿಗೆ ಮೊದಲೇ ಸಿಟ್ಟು. ಆಟಿಸಂ ಇದ್ದೂ ನಲವತ್ತರವರೆಗೆ ಯಾರೂ ಗುರುತಿಸದೆ ಹೋದ ಹೆಂಗಸು. ಅವರ ಮನೋವೈದ್ಯ ವಿಭಾಗಕ್ಕೆ ಹೊಸದಾಗಿ ಬಂದ ಲೇಡಿ ಡಾಕ್ಟರು ಹಟ ಹಿಡಿದು ಸೇರಿಸಿದ್ದ ಪಾತ್ರ ಅದು. ಹೆಣ್ಣುಮಕ್ಕಳು ಚಿಕ್ಕಂದಿನಿಂದ ಅಕ್ಕಪಕ್ಕದವರನ್ನು ನೋಡಿ ನೋಡಿ ಅವರಂತೆಯೇ ನಡೆದುಕೊಂಡು ಎಲ್ಲವನ್ನೂ ಮುಚ್ಚಿಡುತ್ತಾರೆ, ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದು ಆಕೆ ವಾದಿಸಿದ್ದಳು. ತಮ್ಮ ಕಣ್ಣಿಗೆ ಬೀಳದ್ದೂ ಲೋಕದಲ್ಲಿ ಇರಬಹುದೆಂದು ಪ್ರೊಫೆಸರರಿಗೆ ಅದುವರೆಗೆ ಹೊಳೆದಿರಲಿಲ್ಲ. ಇದು ಕೆಲಸವಿಲ್ಲದ ಹೆಂಗಸರ ಹೊಸ ಶೋಕಿ ಎಂದು ತುಂಬಿದ ಮೀಟಿಂಗಿನಲ್ಲಿ ಗೇಲಿ ಮಾಡಿದ್ದರು.

ಇವತ್ತು ವಾರ್ಡು ಮುಗಿಸಿ ಬರುವಷ್ಟರಲ್ಲಿ ಈ ಹೆಂಗಸು ಬಂದು ಕೂತಿದ್ದಳು. ನಾಟಕದವರ ಹೆಸರು ಕಟ್ಟಿಕೊಂಡು ತಮಗೇನಾಗಬೇಕು? ಕೂರುತ್ತಲೇ, “ಹೂಂ, ಶುರು ಮಾಡಿ,” ಎಂದಿದ್ದರು. ಆಕೆ ಶುರು ಮಾಡಿದ್ದಳು.

ಮಗಳಿಗೆ ಆಟಿಸಂ ಇದೆಯೇ ಎಂದು ತೋರಿಸಲು ಹೋದಾಗ, ಅಲ್ಲಿ ಕೇಳಿದ ಒಂದೊಂದು ಪ್ರಶ್ನೆಯೂ ತನ್ನನ್ನೇ ಕೇಳಿದಂತಾಯಿತಂತೆ. ನಾದಿನಿ ನಕ್ಕಾಗ ನಗುವುದು, ಓರಗಿತ್ತಿ ಅತ್ತಾಗ ಅಳುವುದು, ಹೀಗೇ ಇಷ್ಟು ವರ್ಷ ಸಂಸಾರ ತೂಗಿಸಿದ್ದಳಂತೆ. ಮಾವ ತೀರಿಕೊಂಡ ದಿನ ಮಾತ್ರ ಮನೆ ತುಂಬ ಜನ, ಗದ್ದಲ. ಯಾರನ್ನು ನೋಡಿ ಅಳಬೇಕೆಂದು ತೋಚದೆ ಸುಮ್ಮನೆ ನಿಂತುಬಿಟ್ಟಳಂತೆ. ಅಂದಿನಿಂದ ಅತ್ತೆಯ ಬಾಯಲ್ಲಿ ಆಕೆ ಕಲ್ಲುಮನಸ್ಸಿನವಳು. ಇಂಥವಳ ಕೈಗೆ ಮೊಮ್ಮಗಳನ್ನು ಕೊಡುವುದಿಲ್ಲವೆಂದು ಅತ್ತೆ ಮಗುವನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ. ಗಂಡ ತಾಯಿಯ ಮಾತು ಮೀರುವುದಿಲ್ಲ.

“ನನಗಿರೋದು ಸೊಕ್ಕಲ್ಲ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು ಸಾರ್, ಮಗಳು ನನ್ನ ಹತ್ರ ಬರ್ತಾಳೆ.”

ಪ್ರೊಫೆಸರರು ಕೈ ಎತ್ತಿದ್ದು ಆ ಮಾತಿಗೇ. ಸಾಲದ್ದಕ್ಕೆ ಮಗುವನ್ನೂ ಎಳೆದು ತಂದಿದ್ದಾಳೆ. ಇದೆಲ್ಲ ಆ ಲೇಡಿ ಡಾಕ್ಟರ ಉಪದೇಶವೇ ಇರಬೇಕೆಂದು ಮೂಗು ಮುರಿದರು.

“ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತೀರಲ್ಲ, ಅದೇ ಮೊದಲನೇ ತಪ್ಪು.”

“ಕಣ್ಣು ನೋಡ್ತಿಲ್ಲ ಸಾರ್. ಹುಬ್ಬುಗಳ ನಡುವೆ ನೋಡ್ತಿದ್ದೀನಿ. ನಮ್ಮ ಸೋದರತ್ತೆ ಹೇಳಿಕೊಟ್ಟಿದ್ದು. ಹಾಗೆ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ.”

“ಗೊತ್ತಾಗಬೇಕಮ್ಮ. ನೋಡಿದವರಿಗೆ ತಕ್ಷಣ ಗೊತ್ತಾಗಬೇಕು.”

ನೆಂಟರು ಬಂದು ಹೋದ ಮೇಲೆ ಬಚ್ಚಲುಮನೆಯ ದೀಪ ಆರಿಸಿ, ಬಾಯಿಗೆ ಟವೆಲ್ಲು ತುರುಕಿಕೊಂಡು ಅಳುವುದನ್ನೂ ಆಕೆ ಹೇಳಿದಳು. ಅದು ಅತಿಯಾಯಿತು, ಬಿಟ್ಟುಬಿಡಿ ಎಂದರು. ಬಿಡುವುದು ಹೇಗೆ ಎಂದು ಆಕೆ ಕೇಳಿದಳು. ಹೇಳದಿದ್ದರಾಯಿತು ಎಂದರು.

“ಒಟ್ಟಿನಲ್ಲಿ ನಟನೆ ಎದ್ದು ಕಾಣ್ತಿದೆ.”

“ಇವತ್ತೊಂದು ದಿನ ನಟಿಸಬಾರದು ಅಂತ ಗಟ್ಟಿ ಮನಸ್ಸು ಮಾಡಿ ಬಂದೆ ಸಾರ್.”

“ಅದಕ್ಕೇ ಹೀಗಾಗಿದೆ.”

ಇನ್ನು ತಾವೇ ತೋರಿಸದೆ ವಿಧಿಯಿಲ್ಲವೆಂದು ಪ್ರೊಫೆಸರರು ಕೋಟು ಕಳಚಿ ಕುರ್ಚಿಯ ತುದಿಗೆ ಕೂತರು. ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗಿದರು, ಬೆರಳು ಆಡಿಸಿದರು, ಗೋಡೆ ನೋಡುತ್ತ ಒಂದೇ ರಾಗದಲ್ಲಿ ಮಾತಾಡಿದರು. ನಡುವೆ ಕೆಮ್ಮು ಬಂತು. ಆ ಪರಿಯನ್ನು ಕಂಡಿದ್ದರೆ ಹುಡುಗರು ಹೊಟ್ಟೆನೋವೆಂದು ಬರೆದು ಎದ್ದು ಬರುತ್ತಿದ್ದರು.

ಆಕೆ ಒಂದೇ ಸಲ ನೋಡಿದಳು. ನಂತರ ಮಾಡಿದಳು. ತೂಗಾಟ, ಬೆರಳು, ರಾಗ, ಎಲ್ಲವೂ ಕರಾರುವಾಕ್ಕು. ಕೆಮ್ಮನ್ನೂ ಬಿಡಲಿಲ್ಲ.

ಪ್ರೊಫೆಸರರ ಮುಖ ಅರಳಿತು. ಇಷ್ಟು ಬೇಗ ಕಲಿತವರನ್ನು ತಾವು ಕಂಡಿಲ್ಲವೆಂದು ಬಾಯಿ ತುಂಬ ಹೊಗಳಿದರು. ಚಿಕ್ಕಂದಿನಿಂದ ಅಭ್ಯಾಸ ಎಂದಳು ಆಕೆ. ಬ್ಯಾಗಿನ ಪಟ್ಟಿಯನ್ನು ಆಕೆಯ ಕೈ ಹಿಸುಕುತ್ತಲೇ ಇತ್ತು.

“ಹಾಗಾದ್ರೆ ಮನೇಲಿ ಏನಂತ ಹೇಳಲಿ ಸಾರ್?”

ಪಾಪ, ಹೊಗಳಿಕೆ ಮನೆಯವರ ಕಿವಿಗೂ ಬೀಳಲಿ ಎಂಬ ಆಸೆ ಎಂದುಕೊಂಡು ಪ್ರೊಫೆಸರರು ಧಾರಾಳವಾದರು. “ನಿಮ್ಮಷ್ಟು ಚೆನ್ನಾಗಿ ನಟಿಸೋರನ್ನ ನನ್ನ ಸರ್ವೀಸಿನಲ್ಲೇ ನೋಡಿಲ್ಲ ಅಂತ ನಾನೇ ಹೇಳಿದೆ ಅನ್ನಿ.”

“ನಮ್ಮ ಅತ್ತೇನೂ ಅದನ್ನೇ ಹೇಳ್ತಾರೆ,” ಎಂದು ಆಕೆ ಎದ್ದು ಹೊರಟುಹೋದಳು.

ಬಾಗಿಲು ದಾಟುವವರೆಗೂ ಪಾತ್ರ ಬಿಡಲಿಲ್ಲವಲ್ಲ, ಭಲೇ ಹೆಂಗಸು ಎಂದು ನಗುತ್ತ ಪ್ರೊಫೆಸರರು ಕೋಟು ಹಾಕಿಕೊಂಡರು. ನರ್ಸು ಬಾಗಿಲು ಸರಿಸಿ ಇಣುಕಿದಳು.

“ನಿಮ್ಮ ಪೇಶೆಂಟು ಹೋದ್ರಲ್ಲ ಸಾರ್, ನಾಟಕದವರು ಆಗಿನಿಂದ ಹೊರಗೆ ಕಾಯ್ತಿದ್ದಾರೆ, ಈಗ ಕಳಿಸ್ಲಾ?”