ಹೊರಗಿನ ಹಿಡಿಕೆ

ಒಳಗಿನಿಂದ ಎಷ್ಟು ತಳ್ಳಿದರೂ ಹಿಂಬಾಗಿಲು ತೆರೆಯಲಿಲ್ಲ. ಪೊನ್ನುಸಾಮಿ ಭುಜ ಕೊಟ್ಟು ನೂಕಿದ. ಕಾಲಿನಿಂದ ಒದ್ದ. ತಗಡು ಸದ್ದು ಮಾಡಿತು, ಅಷ್ಟೇ.

ಹೊರಗೆ ನಿಂತಿದ್ದ ವಸಂತಕುಮಾರ್ ಎರಡು ಬೆರಳಿನಿಂದ ಹಿಡಿಕೆ ಎತ್ತಿದರು. ಬಾಗಿಲು ಹಗುರವಾಗಿ ತೆರೆದುಕೊಂಡಿತು.

"ಸರಿಯಾಗಿದೆ" ಎಂದರು. ಗಾಡಿ ಕೊಳ್ಳುತ್ತಿದ್ದ ಇಲಾಖೆಯ ಪರವಾಗಿ ಗುಣಮಟ್ಟ ನೋಡಲು ಬಂದಿದ್ದ ಇಂಜಿನಿಯರ್ ಅವರು.

ಪೊನ್ನುಸಾಮಿ ಕೆಳಗಿಳಿಯಲಿಲ್ಲ. "ಒಳಗೂ ಒಂದು ಹಿಡಿಕೆ ಇಡ್ತೀನಿ ಸಾರ್. ಖರ್ಚು ನಂದು."

"ಬೇಡ."

"ಗಾಡಿ ಮಗುಚಿದ್ರೆ?"

"ಜೊತೆಗೆ ಬರೋರು ತೆಗೀತಾರೆ. ಒಳಗಿರೋರ ಕೈಗೆ ಸಿಕ್ಕಿದ್ರೆ ಓಡೋ ಗಾಡಿಯಿಂದ ಹಾರಿಬಿಡ್ತಾರೆ. ಸಣ್ಣ ವಯಸ್ಸಿನವರೂ ಇರ್ತಾರೆ, ಯೋಚನೆ ಮಾಡಲ್ಲ. ಆಮೇಲೆ ಯಾರು ಹೊಣೆ?"

ಪೊನ್ನುಸಾಮಿ ತಲೆಯಾಡಿಸಿದ. ಒಪ್ಪಿದ್ದಾನೋ ಇಲ್ಲವೋ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಕೆಲವು ತಿಂಗಳಿಂದ ಆ ಮುಖ ಏನನ್ನೂ ತಿಳಿಸುತ್ತಿರಲಿಲ್ಲ.

ಪೆರಿಯಕುಳಂ ರಸ್ತೆಯಲ್ಲಿ, ತೇನಿ ಊರು ಮುಗಿಯುವಲ್ಲಿ, ಗಾಡಿಗಳಿಗೆ ಬಾಡಿ ಕಟ್ಟುವ ಅವನ ಶೆಡ್ಡು. ತೇನಿ ಬೇರೆ ಜಿಲ್ಲೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹೊಸ ಜಿಲ್ಲೆಗೆ ಹೊಸ ಗಾಡಿಗಳು ಬೇಕಿದ್ದವು. ಇದೂ ಅದರಲ್ಲಿ ಒಂದು. ಕೆಲಸ ಬಂದಾಗ ಪೊನ್ನುಸಾಮಿ ಬೇಡವೆನ್ನಲು ಹೊರಟಿದ್ದ.

ಕಾರಣವಿತ್ತು. ಅದಕ್ಕೆ ಸ್ವಲ್ಪ ಮುಂಚೆ ಬತ್ತಲಗುಂಡು ರಸ್ತೆಯಲ್ಲಿ ಒಂದು ಬಸ್ಸು ಮಗುಚಿ ಹೊತ್ತಿಕೊಂಡಿತ್ತು. ಒಂದು ಸೀಟು ಹೆಚ್ಚು ಹಾಕಲೆಂದು ಅದರ ತುರ್ತು ಬಾಗಿಲಿಗೆ ಒಳಗಿನಿಂದ ತಗಡು ಬಡಿದಿದ್ದರು. ಆರು ಜನ ಹೊರಗೆ ಬರಲಿಲ್ಲ. ಅದು ದಿಂಡಿಗಲ್‌ನ ದೊಡ್ಡ ಶೆಡ್ಡಿನಲ್ಲಿ ಕಟ್ಟಿದ ಬಸ್ಸು. ಪೊನ್ನುಸಾಮಿ ಅದರ ಒಂದು ರಿವೆಟ್ಟನ್ನೂ ಮುಟ್ಟಿರಲಿಲ್ಲ. ಆದರೂ ಅಂದಿನಿಂದ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ.

ಹೆಂಡತಿ ಪಳನಿಯಮ್ಮಾಳ್ ಮಗನನ್ನು ನೆನೆದು, ಮನೆಮಾತಾದ ಕನ್ನಡದಲ್ಲಿ ಹೇಳಿದ್ದಳು: "ಇನ್ಮೇಲೆ ನಮ್ ಸುಂದರ ದಿಂಡಿಗಲ್‌ಗೆ ಓಗ್ ಬರೋದು ಇದ್ರಲ್ಲೇ ತಾನೆ? ಬೇರೆಯೋರು ಎಂಗ್ ಕಟ್ತಾರೋ ಏನೋ. ನೀವೇ ಕಟ್ಟಿ."

ಅವನು ಕಟ್ಟಿದ. ನಕ್ಷೆ ಕೇಳಿದ್ದಕ್ಕಿಂತ ದಪ್ಪ ಕಂಬಿ ಹಾಕಿದ. ಛಾವಣಿಗೆ ಅಡ್ಡಪಟ್ಟಿ ಹೆಚ್ಚಿಸಿದ. ಲಾಭವಿಲ್ಲದ ಕೆಲಸವೆಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಪಳನಿಯಮ್ಮಾಳ್ ದಿನವೂ ಊಟ ತರುತ್ತಿದ್ದಳು. ತಂದವಳು ಗಾಡಿ ಹತ್ತಿ ಸೀಟಿನ ಅಂಚುಗಳನ್ನು ಅಂಗೈಯಿಂದ ಸವರುತ್ತಿದ್ದಳು. ಎಲ್ಲಾದರೂ ಚುಚ್ಚಿದರೆ ವೆಲ್ಡರ್ ಮಾರಿಮುತ್ತುವನ್ನು ಕರೆಯುತ್ತಿದ್ದಳು.

"ಅಕ್ಕಾ, ಮದ್ವೆ ಮಾಪ್ಳೆ ಕೂರೋ ಕಾರಿಗೂ ಇಷ್ಟು ತೇಯಲ್ಲ" ಎಂದು ಅವನೊಮ್ಮೆ ನಕ್ಕ.

"ತೇಯಿ ತಂಬಿ. ಯಾರ್ ಎತ್ತ ಮಕ್ಳೋ, ತೊಡೆ ಕುಯ್ಕೊಂಡ್ರೆ?"

ಮಾರಿಮುತ್ತು ಅವಳ ಮುಖ ನೋಡಿದ. ನಗು ನಿಂತಿತು. ಹೇಳಿಸಿಕೊಳ್ಳದೆಯೇ ಉಳಿದ ಸೀಟುಗಳನ್ನೂ ತೇಯ್ದ.

ತಪಾಸಣೆಯ ಈ ದಿನವೂ ಅವಳು ಬಂದಿದ್ದಳು. ವಸಂತಕುಮಾರ್ ಕಿಟಕಿಯ ಸರಳುಗಳ ನಡುವೆ ಮುಷ್ಟಿ ತೂರಿಸಿ ನೋಡಿದರು. ತೂರಲಿಲ್ಲ. ಪಾಸ್. ಇಬ್ಬಿಬ್ಬರು ಕೂರುವ ಸೀಟುಗಳನ್ನು ಅಲುಗಿಸಿದರು. ಪಾಸ್.

"ಈ ಮೆಟ್ಲು ಎತ್ರ ಆಯ್ತು" ಎಂದಳು ಪಳನಿಯಮ್ಮಾಳ್ ಗಂಡನಿಗೆ. "ಒಂದ್ ಕೈಲಿ ಇಡ್ಕೊಂಡು ಅತ್ಬೇಕು. ಇನ್ನೊಂದ್ ಕೈ ಕಾಲಿ ಇರಲ್ವಲ್ಲ."

ಪೊನ್ನುಸಾಮಿ ಅದನ್ನು ತಮಿಳಿನಲ್ಲಿ ಹೇಳಿದ. ವಸಂತಕುಮಾರ್ ನಕ್ಷೆ ನೋಡಿದರು. ಆಮೇಲೆ ನಕ್ಷೆ ಮಡಚಿಟ್ಟು, ತಾವೇ ಒಂದು ಕೈ ಬೆನ್ನ ಹಿಂದಿಟ್ಟುಕೊಂಡು ಹತ್ತಿ ನೋಡಿದರು. ತಡವರಿಸಿದರು.

"ಕೆಳಗೆ ಇನ್ನೊಂದು ಮೆಟ್ಟಿಲು ಸೇರಿಸಿ. ಒಪ್ಪಿಗೆ ನಾನು ತರ್ತೀನಿ."

ಅವಳಿಗೆ ಧೈರ್ಯ ಬಂತು. ತಾನೇ ತಮಿಳಿನಲ್ಲಿ ಕೇಳಿದಳು. "ಸಾರ್, ನಮ್ ಪಯ್ಯನಿಗೆ ಇಂದೆ ಕೂತ್ರೆ ವಾಂತಿ. ಮುಂದೆ, ಕಿಟ್ಕಿ ಪಕ್ಕ..."

"ಯಾರು ಎಲ್ಲಿ ಕೂರಬೇಕು ಅನ್ನೋದು ಜೊತೆಗೆ ಬರೋರ ತೀರ್ಮಾನ, ಅಮ್ಮಾ." ದನಿ ತಗ್ಗಿಸಿ ಕೇಳಿದರು, "ಅಲ್ಲಿ ಸೇರಿ ಎಷ್ಟು ದಿನ ಆಯ್ತು?"

"ಎರಡ್ ತಿಂಗ್ಳು. ಇಳಿದೋಗವ್ನೆ. ಊಟ ಸೇರಲ್ವಂತೆ."

ತವರೂರು ಚಿನ್ನಮನೂರಿನಿಂದ ಬಂದಿದ್ದ ದ್ರಾಕ್ಷಿಯ ಚೀಲವನ್ನು ಅವಳು ಅವರ ಮುಂದಿಟ್ಟಳು. ಅವರು ಒಂದೇ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು. ಉಳಿದದ್ದನ್ನು ಹಿಂದಕ್ಕೆ ಸರಿಸಿದರು.

"ಮಗನಿಗೆ ಕೊಡಿ."

"ಬಿಡ್ತಾರಾ ಸಾರ್?"

"ಗೇಟಿನಲ್ಲಿ ಕೇಳಿ ನೋಡಿ. ಒಳ್ಳೆಯವರಿದ್ರೆ ಬಿಡ್ತಾರೆ."

ಅವರು ಹೋದ ಮೇಲೆ ಮಾರಿಮುತ್ತು ಮೆಟ್ಟಿಲು ಬೆಸೆಯಲು ಕೂತ. ಪಳನಿಯಮ್ಮಾಳ್ ಊಟದ ಪಾತ್ರೆ ತೊಳೆದಳು. ಪೊನ್ನುಸಾಮಿ ಹೊರಗಿನ ಹಿಡಿಕೆಗೆ ಗ್ರೀಸ್ ಹಚ್ಚಿದ. ಎತ್ತಿ ನೋಡಿದ. ಒರೆಸಿ ಮತ್ತೆ ಹಚ್ಚಿದ.

"ಆಯ್ತಲ್ಲಣ್ಣಾ, ಬಿಡಿ" ಎಂದ ಮಾರಿಮುತ್ತು.

"ತೆಗಿಯೋನ್ಗೆ ಗಾಬ್ರಿ ಇರ್ತದೆ" ಎಂದ ಪೊನ್ನುಸಾಮಿ. "ಸುಲಭ್ವಾಗಿ ಬರ್ಬೇಕು."

ಬುಧವಾರ ಬೆಳಿಗ್ಗೆ ಸಬ್‌ಜೈಲಿನ ಗೇಟಿನಲ್ಲಿ, ಬತ್ತಲಗುಂಡು ರಸ್ತೆಯಲ್ಲಿ ಉರಿದ ಬಸ್ಸನ್ನು ಪಾಸ್ ಮಾಡಿ ಕಳಿಸಿದ್ದ ದಿಂಡಿಗಲ್ ಶೆಡ್ಡಿನ ಸೂಪರ್‌ವೈಸರ್ ಸುಂದರನ ಎಡಗೈಯನ್ನು ಇನ್ನೊಬ್ಬ ಕೈದಿಯ ಬಲಗೈಗೆ ಸೇರಿಸಿ ಪೇದೆ ಕೋಳ ತೊಡಿಸಿದ, ಇಬ್ಬರನ್ನೂ ದಿಂಡಿಗಲ್ ಕೋರ್ಟಿಗೆ ಹೊರಟ, ಪೊನ್ನುಸಾಮಿ ಕಟ್ಟಿದ ಪೊಲೀಸ್ ವ್ಯಾನಿಗೆ ಹತ್ತಿಸಿದ.